ನಂಬರ್ ತಪ್ಪಿದ ಹಾರೈಕೆ

"ಅಯ್ಯೋ ಶಿವನೇ, ತಂತಿ! ಯಾರು ಹೋದ್ರೇ ನಮ್ಮವ್ವಾ...!"

ಅಂಚೆಯವನು ಇನ್ನೂ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿರಲಿಲ್ಲ, ಅಜ್ಜಮ್ಮ ಎದೆ ಬಡಿದುಕೊಳ್ಳತೊಡಗಿದಳು. ೧೯೭೮ರ ಜಗಳೂರಿನಲ್ಲಿ ತಂತಿ ಅಂದರೆ ಸಾವಿನ ಸುದ್ದಿ, ಮತ್ತಿನ್ನೇನು? ಅದೂ ಮಗಳನ್ನು ನೋಡಲು ಸಂತೇಬೆನ್ನೂರಿನ ಗಂಡಿನ ಕಡೆಯವರು ಬರುವ ದಿನವೇ!

ಮಗಳು ಕಸ್ತೂರಿ ತಂತಿ ಬಿಡಿಸಿದಳು. ಬಣ್ಣದ ಕಾಗದ. ಕೆಳಗೆ ಓಂಕಾರಪ್ಪನ ಹೆಸರು! ಅವಳು ಹೊನ್ನಾಳಿಯ ಸೋದರಮಾವನ ಮನೆಯಲ್ಲಿದ್ದು ಟೈಪಿಂಗ್ ಕಲಿತಾಗ ವರ್ಷಪೂರ್ತಿ ಪಕ್ಕದ ಮಿಷನ್ನಿಗೆ ಕೂತವನು. ಬಾಯಿಬಿಟ್ಟು ಏನೂ ಹೇಳದವನು... ಅವಳಾದರೂ ಎಲ್ಲಿ ಹೇಳಿದ್ದಳು?

ಓದಿದಳು.

'ಬೆಸ್ಟ್ ವಿಶಸ್ ಫಾರ್ ಎ ಲಾಂಗ್ ಅಂಡ್ ಹ್ಯಾಪಿ ಮ್ಯಾರೀಡ್ ಲೈಫ್.'

ಬೇರೆಯವನ ಜೊತೆ ಸುಖವಾಗಿ ಬಾಳು ಅಂತ! ಗಂಡು ನೋಡ್ತಿರೋದು ಗೊತ್ತಾದ್ರೂ... ಇಷ್ಟೇನಾ?

"ಯಾರೂ ಸತ್ತಿಲ್ಲ ಸುಮ್ನಿರವ್ವ. ಬರೋ ಗಂಡಿಗೆ ನಾನು ಒಪ್ಪೀನಿ ಅಂತ ಹೇಳಿಬಿಡು," ಎಂದವಳೇ ಒಳಗೆ ಹೋಗಿ, ಸೆರಗು ಬಾಯಿಗೊತ್ತಿಕೊಂಡು ಅತ್ತಳು.

ಅರ್ಧ ಗಂಟೆ ಕಳೆದಿರಲಿಲ್ಲ...

"ಕಸ್ತೂರಿಯವರೇ, ತಂತಿ ಓದಬ್ಯಾಡ್ರಿ!"

ಬಾಗಿಲಲ್ಲಿ ಓಂಕಾರಪ್ಪ! ಮೈತುಂಬ ಬಸ್ಸಿನ ಧೂಳು, ಕಾಲಲ್ಲಿ ಒಂದೇ ಚಪ್ಪಲಿ.

"ಓದಾಯ್ತು. ನಿಮ್ಮ ಹಾರೈಕೆಯಂಗೆ ಮದುವೆಗೂ ಒಪ್ಪಾಯ್ತು."

ಅವನು ಗರಬಡಿದವನಂತೆ ನಿಂತ. "ಮದುವೇನಾ! ಯಾರ್ದು? ನಾಳೆ ನಿಮ್ಮ ಟೈಪಿಂಗ್ ಪರೀಕ್ಷೆ ಅಂತ ಕಳ್ಸಿದ್ದು ಕಣ್ರೀ! ಅಂಚೆಕಚೇರೀಲಿ ಶುಭಾಶಯದ ಪಟ್ಟಿ ತೂಗಾಕಿರ್ತಾರೆ, ಒಂದೊಂದು ಸಾಲಿಗೂ ಒಂದು ನಂಬರ್, ಅದನ್ನ ಬರ್ದುಕೊಟ್ರೆ ಆತು, ಆ ಸಾಲೇ ತಂತೀಲಿ ಹೋಗ್ತೈತೆ. ಪರೀಕ್ಷೆಗೂ ಬೆಸ್ಟ್ ವಿಶಸ್, ಮದುವೆಗೂ ಬೆಸ್ಟ್ ವಿಶಸ್! ಕಣ್ಣೇನೋ ಪರೀಕ್ಷೆ ಸಾಲಿನ ಮ್ಯಾಲಿತ್ತು, ಕೈ ಮದುವೆ ನಂಬರ್ ಬರೀತು. ಆಮ್ಯಾಲೆ ನೆನಪಾಗಿ ಜೀವ ಹಾರಿಹೋತು."

"ಅಷ್ಟು ಸಾಲು ಇರುವಾಗ ಕೈ ಅಲ್ಲಿಗೇ ಯಾಕೆ ಹೋತು?"

ಅವನು ತಲೆ ತಗ್ಗಿಸಿದ. "ದಿನಾ ನೆನಸ್ತಿದ್ದುದೇ ಅದು... ನಿಮ್ಮ ಜೊತೆ ನನ್ನ ಮದುವೆ. ಹೇಳಾಕೆ ಧೈರ್ಯ ಬರ್ಲಿಲ್ಲ."

ಅಜ್ಜಮ್ಮ ಬಾಯಿಯ ಮೇಲೆ ಕೈಯಿಟ್ಟಳು. ಒಂದೇ ತಂತಿಗೆ ಎರಡು ಸಲ ಎದೆ ಒಡೆದುಕೊಂಡಿದ್ದಳು, ಪಾಪ! "ಈಗ ಸಂತೇಬೆನ್ನೂರಿನೋರಿಗೆ ಏನ್ ಹೇಳ್ಲೇ?"

"ನನ್ನ ಮದುವೆ ನಿಶ್ಚಯ ಆಗೈತೆ, ತಂತೀನೂ ಬಂದೈತೆ ಅನ್ನವ್ವ!" ಕಸ್ತೂರಿ ಅಳುತ್ತಲೇ ನಕ್ಕಳು. ಆಮೇಲೆ ಅವನತ್ತ ತಿರುಗಿ ಮೆಲ್ಲಗೆ ಕೇಳಿದಳು, "ಲಾಂಗ್ ಅಂದ್ರೆ ಎಷ್ಟು ದಿನ ರೀ?"

"ನೀವು ಸಾಕು ಅನ್ನೋವರೆಗೂ."

"ನಾನು ಅನ್ನಾಕಿಲ್ಲ."