ಅಜ್ಜಿಯ ಕೆನ್ನೆಯ ಮಚ್ಚೆ

ಅಜ್ಜಿಯ ಬಲಗೆನ್ನೆಯನ್ನು ಯಾರೋ ಒರೆಸಿಹಾಕಿದ್ದರು.

ಕಲಾವಿದೆ ಬಾಗಿಲಲ್ಲೇ ನಿಂತುಬಿಟ್ಟಳು. ಆರು ತಿಂಗಳ ಕೆಲಸ. ಸಂಜೆ ಐದಕ್ಕೆ ಪ್ರದರ್ಶನ. ಹಸಿ ಎಣ್ಣೆಬಣ್ಣದ ಮೇಲೆ, ಬಣ್ಣ ಕರಗಿಸುವ ಟರ್ಪೆಂಟೈನ್‌ನಲ್ಲಿ ಅದ್ದಿದ ಬಟ್ಟೆ ಆಡಿತ್ತು. ಮಚ್ಚೆ ಇದ್ದಲ್ಲಿ ಬರೀ ಮಸುಕು. ಎಡಗೆನ್ನೆಗೂ ಒಂದು ಕಂದು ಚುಕ್ಕೆ ಸಿಡಿದಿತ್ತು.

ಬೆಳಿಗ್ಗೆ ಆ ಕೋಣೆಗೆ ಹೊರಗಿನಿಂದ ಬಂದಿದ್ದವನು ಚೌಕಟ್ಟು ಕಟ್ಟುವವನೊಬ್ಬನೇ. ಹಿಂದಿನ ದಿನವಷ್ಟೇ ಇಬ್ಬರಿಗೂ ಜಟಾಪಟಿಯಾಗಿತ್ತು.

"ಬಣ್ಣ ಒಣಗದೆ ಚೌಕಟ್ಟು ಹಾಕಲ್ಲ ಅಂದೆ, ನಿಜ. ಅದಕ್ಕೆ ಮುಖ ಒರೆಸ್ತೀನಾ?" ಎಂದ ಅವನು.

"ಮತ್ಯಾರು, ದೆವ್ವಾನಾ? ಪೊಲೀಸರಿಗೆ ಹೇಳ್ಕೋ!"

ಚಿತ್ರಕ್ಕೆ ವಿಮೆ ಇತ್ತು; ಫೋನ್ ಹೋದ ಕೂಡಲೇ ಬಂದಿದ್ದ ವಿಮಾ ಕಂಪನಿಯ ತನಿಖೆಗಾರ ಅವಳ ಮಾತಿಗೆ ಕಿವಿಗೊಡಲಿಲ್ಲ. ಚಿತ್ರದ ಪಕ್ಕದಲ್ಲಿದ್ದ ಫೋಟೋವನ್ನೇ ನೋಡುತ್ತಿದ್ದ — ಅಜ್ಜ, ಅಜ್ಜಿ, ಅಜ್ಜನ ಜೇಬಿನಲ್ಲಿ ಪೆನ್ನು.

"ಇದು ಎಲ್ಲಿಯದು?"

"ಊರು ಬಿಟ್ಟಾಗ ನೆಗೆಟಿವ್ ಮಾತ್ರ ಉಳಿದಿತ್ತು. ಇಲ್ಲಿಗೆ ಬಂದ ಮೇಲೆ ಅಪ್ಪ ಪ್ರಿಂಟ್ ಹಾಕಿಸಿದ್ರು. ಈಗ ಅವರೂ ಇಲ್ಲ."

"ಅಜ್ಜಿಯನ್ನ ಕಂಡವರು ಯಾರಿದ್ದಾರೆ?"

"ಯಾರೂ ಇಲ್ಲ," ಎಂದರು ಮೂಲೆಯಲ್ಲಿ ಕುಳಿತಿದ್ದ ಸೋದರತ್ತೆ. "ಅಮ್ಮ ಹೋದ್ಮೇಲೆ ಹಡಗು ಹತ್ತಿದ್ವಿ, ಆಗ ನಾನು ಕೂಸು ಕಣಪ್ಪ. ಅಮ್ಮನ ಮುಖ ಅಂದ್ರೆ ನನಗೂ ಈ ಫೋಟೋನೇ."

ತನಿಖೆಗಾರ ಫೋಟೋವನ್ನು ಕಲಾವಿದೆಯ ಮುಂದೆ ಹಿಡಿದ.

"ಅಜ್ಜನ ಜೇಬು ಯಾವ ಕಡೆಗಿದೆ?"

"ಅವರ ಬಲ ಎದೆಗೆ."

"ಯಾವ ದರ್ಜಿ ಬಲಕ್ಕೆ ಜೇಬಿಡ್ತಾನೆ? ನೆಗೆಟಿವ್ ಮಗುಚಿ ಪ್ರಿಂಟ್ ಹಾಕಿದ್ದಾರೆ, ಎಡ ಬಲ ಅದಲುಬದಲಾಗಿದೆ. ಅಜ್ಜಿಯ ಮಚ್ಚೆ ಎಡಗೆನ್ನೆಯದು. ನೀವು ತಪ್ಪನ್ನೇ ಬಿಡಿಸಿದ್ರಿ."

ಅವಳು ಆ ಕಂದು ಚುಕ್ಕೆಯತ್ತ ನೋಡಿದಳು.

"ಹೌದು. ಅದು ಸಿಡಿದದ್ದಲ್ಲ, ಇಟ್ಟದ್ದು. ಹಾಳು ಮಾಡೋನು ಇಷ್ಟು ನಾಜೂಕಾಗಿ ಒರೆಸಲ್ಲ. ಇದು ತಿದ್ದಿದವರ ಕೈ — ಆ ಮುಖವನ್ನ ಕಣ್ಣಾರೆ ಕಂಡವರದ್ದು." ಅವನು ಮೂಲೆಗೆ ತಿರುಗಿದ. "ಆಗ ನೀವು ಕೂಸಾಗಿರಲಿಲ್ಲ, ಅಲ್ವಾ ಅಮ್ಮ?"

ಅತ್ತೆ ಸೆರಗಿನಲ್ಲಿ ಬಚ್ಚಿಟ್ಟಿದ್ದ ಹೆಬ್ಬೆರಳನ್ನು ಹೊರತೆಗೆದರು. ಉಗುರಿನ ಸಂದಿನಲ್ಲಿ ಕಂದು ಬಣ್ಣ.

"ಏಳು ವರ್ಷ. ನೆನಪಿದೆ ಅಂದ್ರೆ ಎಲ್ಲರೂ ಕೇಳೋರು. ಹೇಳ್ತಾ ಹೋದ್ರೆ ಸವೆದುಹೋಗುತ್ತೆ ಅಂತ ಸುಮ್ಮನಿದ್ದೆ. ಆದ್ರೂ ಫೋಟೋ ನೋಡಿ ನೋಡಿ ನನ್ನ ತಲೇಲೂ ಮಚ್ಚೆ ಆ ಕಡೆ ಹೋಗೋಕೆ ಶುರುವಾಯ್ತು. ಇನ್ನು ನೀನು ಇಷ್ಟು ದೊಡ್ಡದಾಗಿ ಬರೆದ ಮೇಲೆ ಅಮ್ಮ ಉಳೀತಿದ್ಲಾ?"

ಕಲಾವಿದೆ ಚೌಕಟ್ಟಿನವನ ಕಡೆ ನೋಡಲಾರದೆ ತಲೆ ತಗ್ಗಿಸಿದಳು.

"ಕ್ಷಮೆ ಆಮೇಲೆ ಕೇಳಿ," ಎಂದ ಅವನು. "ಮೊದಲು ಕೆನ್ನೆ ಸರಿಮಾಡಿ. ಒಣಗದಿದ್ರೂ ಪರವಾಗಿಲ್ಲ, ಕಟ್ತೀನಿ."

ಅವಳು ಸಣ್ಣ ಕುಂಚ ಎತ್ತಿಕೊಂಡಳು. "ಎಲ್ಲಿ ಅತ್ತೆ?"

ಅತ್ತೆ ಕಣ್ಣು ಮುಚ್ಚಿಕೊಂಡರು.

"ಇನ್ನೂ ಸ್ವಲ್ಪ ಕೆಳಗೆ. ನಾನು ಮುತ್ತಿಡ್ತಿದ್ದ ಕಡೆ."