ನೂರಾಹತ್ತು ವೋಲ್ಟಿನ ರೇಡಿಯೋ

ಸೋಮವಾರ ಬೆಳಿಗ್ಗೆ ಬಸವಕಲ್ಯಾಣ ಠಾಣೆಗೆ ನಿವೃತ್ತ ಶಿಕ್ಷಕಿ ಜಿಜಾಬಾಯಿ ದೂರು ತಂದರು. ಹಿಂದಿನ ದಿನ ಅವರು ನಾರಾಯಣಪುರಕ್ಕೆ ಹೋಗಿದ್ದಾಗ ಯಾರೋ ಹಿತ್ತಲ ಬಾಗಿಲಿನ ಚಿಲಕ ಮುರಿದು ಹಳೆಯ ವಾಲ್ವ್ ರೇಡಿಯೋ ಒಯ್ದಿದ್ದರು. ಎಫ್‌ಐಆರ್ ದಾಖಲಿಸಿ ಪಿಎಸ್‌ಐ ರಾಜೇಶ್ವರಿ, ಕಾನ್‌ಸ್ಟೆಬಲ್ ಸಲಾವುದ್ದೀನನೊಂದಿಗೆ ಪಂಚನಾಮೆಗೆ ಅವರ ಮನೆಗೆ ಹೊರಟರು.

ಅಲ್ಮಾರಿಯ ಬಂಗಾರ ಮುಟ್ಟಿರಲಿಲ್ಲ. ಟಿವಿ ಇದ್ದಲ್ಲೇ ಇತ್ತು. ರಾಜೇಶ್ವರಿಯ ಕುತೂಹಲ ಕೆರಳಿದ್ದು ಅಲ್ಲೇ. ಮೇಜಿನ ಕೆಳಗೊಂದು ಭಾರದ ಕಬ್ಬಿಣದ ಡಬ್ಬಿ.

"ಇದೇನ್ರಿ?"

"ಟ್ರಾನ್ಸ್‌ಫಾರ್ಮರ್ ರಿ," ಎಂದರು ಜಿಜಾಬಾಯಿ. " ರೇಡಿಯೋ ಅಮೆರಿಕಾದ್ದು, ನೂರಾಹತ್ತು ವೋಲ್ಟಿಂದು. ಇದಿಲ್ದ ನಮ್ಮ ಇನ್ನೂರಾಮೂವತ್ತರ ಕರೆಂಟಿಗೆ ಹಚ್ಚಿದ್ರ ವಾಲ್ವ್ ಸುಟ್ಟೇ ಹೋಗ್ತಾವ."

"ಗುರುತು ಹಿಡಿಯಾಕ ರೇಡಿಯೋದಾಗ ಮತ್ತೇನರೆ ಇತ್ತೇನು?"

"ಗಡಿಯಾರ ಇತ್ರಿ. ಇಟ್ಟ ಹೊತ್ತಿಗೆ ರೇಡಿಯೋ ತಾನೇ ಹಚ್ತಿತ್ತು. ಆದ್ರ ತಾಸಿಗೆ ಹತ್ತು ಮಿನಿಟ್ ಹಿಂದ ಬೀಳ್ತಿತ್ತು. ಅಲ್ಲಿ ಕರೆಂಟು ಸೆಕೆಂಡಿಗೆ ಅರವತ್ತು ಸಲ ಮಿಡೀತದ, ನಮ್ಮಲ್ಲಿ ಐವತ್ತು. ನಮ್ಮಪ್ಪ ದಿನಾ ಲೆಕ್ಕಾ ಹಾಕಿ ಮುಳ್ಳು ತಿರುವಿಡ್ತಿದ್ದ."

"ಯಾರರೆ ಕೇಳಿದ್ರೇನು ಅದನ್ನ?"

"ಹೈದರಾಬಾದಿನ ವ್ಯಾಪಾರಿಗೆ ಮಾರೋಳಿದ್ದೆ. ಮುಂದಿನ ವಾರ ಬರ್ತೀನಂದಿದ್ದ."

ಆ ವ್ಯಾಪಾರಿ ಭಾನುವಾರವಿಡೀ ತನ್ನ ಅಂಗಡಿಯಲ್ಲೇ ಇದ್ದದ್ದು ವಿಚಾರಣೆಯಲ್ಲಿ ಖಚಿತವಾಯಿತು.

"ಕಳ್ಳಗ ಈ ಡಬ್ಬಿ ವಿಚಾರ ತಿಳಿದಿಲ್ರಿ, ಮೇಡಂ," ಎಂದ ಸಲಾವುದ್ದೀನ್.

"ತಿಳೀದಿದ್ರ ಸುಟ್ಟ ರೇಡಿಯೋ ರಿಪೇರಿಗೆ ತರ್ತಾನ. ತಿಳಿದಿದ್ರ ಇಂಥಾದ್ದೇ ಇನ್ನೊಂದು ಹುಡುಕ್ತಾನ. ಹ್ಯಾಂಗಾದ್ರೂ ಅಂಗಡಿಗೇ ಬರಬೇಕು."

ಬಸವಕಲ್ಯಾಣದ ರಿಪೇರಿ ಅಂಗಡಿಗಳಲ್ಲಿ ಸುಳಿವೇನೂ ಸಿಗಲಿಲ್ಲ. ಬುಧವಾರ ಹುಮನಾಬಾದಿನಲ್ಲಿ ರೇಡಿಯೋ ರಿಪೇರಿ ಅಂಗಡಿಯ ಚನ್ನಬಸಪ್ಪ ತಲೆಯಾಡಿಸಿದ: "ಒಬ್ಬರು ಅಂಥಾ ಟ್ರಾನ್ಸ್‌ಫಾರ್ಮರೇ ಬೇಕಂತ ಹೇಳಿ ಹೋಗ್ಯಾರ್ರಿ. ಇವತ್ತ ಒಯ್ಯಾಕ ಬರ್ತಾರ."

ಇಬ್ಬರೂ ಮಫ್ತಿಯಲ್ಲಿ ಕಾದರು. ಮಧ್ಯಾಹ್ನ ಬಂದ ನಡುವಯಸ್ಸಿನ ವ್ಯಕ್ತಿ ಟ್ರಾನ್ಸ್‌ಫಾರ್ಮರ್ ಕೊಂಡು ಬಾಡಿಗೆ ಕೋಣೆಗೆ ನಡೆದ. ಪೊಲೀಸರು ಬೆನ್ನಲ್ಲೇ ಹೊಕ್ಕರು. ಹಲಗೆಯ ಮೇಲೆ ಒರೆಸಿಟ್ಟ ರೇಡಿಯೋ ಇತ್ತು.

"ಹೆಸರು?"

"ಅಂಬಾದಾಸ."

"ಬಂಗಾರ ಬಿಟ್ಟು ಇದೊಂದೇ ಒಯ್ದಿ ಅಂದ್ರ ಮನಿಯವನೇ ಇರಬೇಕು. ಜಿಜಾಬಾಯಿ ಏನಾಗ್ಬೇಕು?"

ಅವನು ತಲೆ ತಗ್ಗಿಸಿದ. "ಅಕ್ಕ."

"ಡಬ್ಬಿ ಯಾಕ ಬಿಟ್ಟಿ?"

"ಬಾಜೂ ಮನಿ ಗೇಟ್ ಸಪ್ಪಳಾತು. ಅಂಜಿ ಓಡಿದೆ."

"ಅಕ್ಕನ್ನ ಕೇಳಬಹುದಿತ್ತಲ್ಲ?"

"ಯಾವ ಮುಖದಿಂದ ಕೇಳಲ್ರಿ? ಅಪ್ಪ ಸತ್ತಾಗ ನಾ ಸೊಲ್ಲಾಪುರದಾಗ ಕುಡಿದು ಬಿದ್ದಿದ್ದೆ, ಮಣ್ಣಿಗೂ ಬರಲಿಲ್ಲ. ಅವತ್ತಿಂದ ಅಕ್ಕ ಮಾತಾಡಿಲ್ಲ. ಈಗ ಇದನ್ನ ಮಾರಾಕತ್ತಾಳಂತ ಕೇಳಿದೆ." ಅವನ ಕೈ ರೇಡಿಯೋದ ಅಂಚು ಸವರಿತು. "ನಾ ಸಾಲಿಗೆ ಹೋಗೋವಾಗ ಅಪ್ಪ ಇದರಾಗ ಅಲಾರಾಂ ಇಡ್ತಿದ್ದ. ವಾಲ್ವ್ ಕಾಯೋತನ ದನಿ ಬರೂದಿಲ್ರಿ, ಸಣ್ಣಗ ಗುಂಯ್ ಅಂತದ. ಹಾಡು ಬರೂಕ್ಕಿಂತ ಮೊದ್ಲ ಅಪ್ಪ ನನ್ನ ಹೆಸರು ಹಿಡಿದು ಎಬ್ಬಿಸ್ತಿದ್ದ. ಅದೊಂದು ಸಲ ಕೇಳಬೇಕಿತ್ತು."

ರೇಡಿಯೋ ಜಪ್ತಿಯಾಯಿತು. ಅಂಬಾದಾಸನನ್ನು ಬಂಧಿಸಿ ಠಾಣೆಗೆ ತಂದರು. ಸ್ವತ್ತು ಗುರುತಿಸಲು ಬಂದ ಜಿಜಾಬಾಯಿ ತಮ್ಮನನ್ನು ಕಂಡು ಬಾಗಿಲಲ್ಲೇ ನಿಂತರು.

"ಹಚ್ಚಿ ನೋಡಿದ್ಯೇನು?" ಎಂದರು ಕೊನೆಗೆ.

"ಇಲ್ಲಕ್ಕಾ. ಸುಟ್ಟೀತಂತ ಅಂಜಿದೆ."

ಜಿಜಾಬಾಯಿ ಕುಳಿತು ಗುರುತಿನ ಪತ್ರಕ್ಕೆ ಸಹಿ ಹಾಕಿದರು. ಪೆನ್ನು ಕೆಳಗಿಟ್ಟರೂ ಏಳಲಿಲ್ಲ.

"ಮೇಡಂ, ಇವಗ ಜಾಮೀನು ಯಾರು ನಿಲ್ಲಬೇಕ್ರಿ? ಅಕ್ಕ ನಿಂತ್ರ ನಡೀತದೇನು?"