ಸಬೀನಾಳ ಸೊಳ್ಳೆಮರಿ ಬೇಟೆ

"ಅಷ್ಟು ಬಗ್ಗಬ್ಯಾಡ ತಂಗಿ, ಒಳಗ ಬಿದ್ದಗಿದ್ದಿ," ಎಂದು ಸುಮಿತ್ರವ್ವ ಹೇಳುವಷ್ಟರಲ್ಲಿ ಸಬೀನಾಳ ಅರ್ಧ ಮೈ ನೀರಿನ ಬ್ಯಾರಲ್ಲಿನೊಳಗೆ ಇಳಿದಿತ್ತು. ಹೊರಗೆ ಕಾಣುತ್ತಿದ್ದದ್ದು ಗಾಳಿಯಲ್ಲಿ ಆಡುತ್ತಿದ್ದ ಎರಡು ಕಾಲು ಮಾತ್ರ.

"ಏನೂ ಇಲ್ರಿ ಆಯಿ." ಬ್ಯಾರಲ್ಲಿನೊಳಗಿಂದ ಅವಳ ದನಿ ಗುಂಯ್ಯೆಂದು ಬಂತು. "ಟಾರ್ಚ್ ಬಿಟ್ಟು ನೋಡೇನಿ. ತಳ ಕಾಣಾಕತ್ತೈತಿ. ಒಂದು ಹುಳಾನೂ ಇಲ್ಲ."

ಅವಳು ಕೆಳಕ್ಕೆ ಜಿಗಿದು, ಒದ್ದೆ ಕೈಯನ್ನು ಫ್ರಾಕಿಗೆ ಒರೆಸಿಕೊಂಡಳು. ನೋಟ್‌ಬುಕ್ಕಿನಲ್ಲಿ 'ಮನೆ ನಂಬರ್ ಐದು: ಇಲ್ಲ' ಎಂದು ಬರೆದಳು. ಇಲ್ಲ ಎಂದು ಬರೆಯುವಾಗ ಅವಳಿಗೆ ಸ್ವಲ್ಪ ಬೇಜಾರೇ ಆಯಿತು.

ಸಬೀನಾ ಐದನೇ ಕ್ಲಾಸು. ಬೆಟಗೇರಿಯ ಅವಳ ಓಣಿಯಲ್ಲಿ ಇದ್ದದ್ದು ಹದಿಮೂರು ಮನೆ. ಈ ಭಾನುವಾರ ಬೆಳಿಗ್ಗೆ ಅವಳು ಆ ಹದಿಮೂರು ಮನೆಗಳ ನೀರನ್ನು ನೋಡಲು ಹೊರಟಿದ್ದಳು. ಬಗಲಲ್ಲಿ ನೋಟ್‌ಬುಕ್ಕು, ಒಂದು ಕೈಯಲ್ಲಿ ಅಬ್ಬಾನ ಟಾರ್ಚು, ಇನ್ನೊಂದು ಕೈಯಲ್ಲಿ ಖಾಲಿ ಬಾಟಲಿ.

ಇದೆಲ್ಲ ಶುರುವಾದದ್ದು ಅಂಕಿತಾಳಿಂದ. ಅಂಕಿತಾ ಸುಮಿತ್ರವ್ವನ ಮೊಮ್ಮಗಳು. ಸಬೀನಾಳ ಓಣಿಯವಳೇ, ಶಾಲೆಯಲ್ಲಿ ಒಂದೇ ಬೆಂಚಿನವಳು. ಸೋಮವಾರ ಗಣಿತದ ಪಿರಿಯಡ್ಡಿನಲ್ಲಿ ತಲೆಯನ್ನು ಬೆಂಚಿನ ಮೇಲೆ ಇಟ್ಟವಳು ಮತ್ತೆ ಎತ್ತಲೇ ಇಲ್ಲ. ಮೈ ಕಾದ ಹಂಚಿನ ಹಾಗೆ ಸುಡುತ್ತಿತ್ತು. ಗುರುವಾರ ಅವಳನ್ನು ಗದಗಿನ ದವಾಖಾನೆಗೆ ಸೇರಿಸಿದರು. ರಕ್ತ ಪರೀಕ್ಷೆ ಮಾಡಿದ ಡಾಕ್ಟರು ಡೆಂಗಿ ಜ್ವರ ಎಂದರು.

"ಈ ಗಟಾರದ್ದ ಎಲ್ಲಾ," ಎಂದು ಓಣಿಯವರೆಲ್ಲ ಚರಂಡಿಯನ್ನು ಬೈದರು.

ಶನಿವಾರ ಆಶಾ ಕಾರ್ಯಕರ್ತೆ ಕರಿಯವ್ವ ಶಾಲೆಗೆ ಬಂದಳು. ಗಾಜಿನ ಲೋಟದ ತುಂಬ ನೀರು ತಂದಿದ್ದಳು. ಅದರಲ್ಲಿ ಸಣ್ಣ ಹುಳಗಳು ಮೈ ಬಳುಕಿಸಿ ಬಳುಕಿಸಿ ಮೇಲೆ ಕೆಳಗೆ ಓಡಾಡುತ್ತಿದ್ದವು.

"ಇವು ಸೊಳ್ಳಿ ಮರಿ," ಎಂದಳು ಕರಿಯವ್ವ. "ಗಟಾರದ ಸೊಳ್ಳಿ ಬ್ಯಾರೆ, ಡೆಂಗಿ ಸೊಳ್ಳಿ ಬ್ಯಾರೆ. ಡೆಂಗಿ ಸೊಳ್ಳಿ ಕಾಲಿಗೆ ಬಿಳಿ ಪಟ್ಟಿ ಇರ್ತಾವ. ಹಗಲೊತ್ತಿನ್ಯಾಗ ಕಚ್ಚತೈತಿ. ಅದಕ್ಕ ಹೊಲಸು ನೀರು ಬ್ಯಾಡ. ನಾವು ನೀವು ತುಂಬಿಟ್ಟ ತಿಳಿ ನೀರು ಬೇಕು. ಅಲ್ಲಿ ತತ್ತಿ ಇಟ್ರ ಎಂಟು ಹತ್ತು ದಿನದಾಗ ಹೊಸಾ ಸೊಳ್ಳಿ ಹಾರತೈತಿ. ಹಾರಿದ್ದು ಭಾಳ ದೂರ ಹೋಗೂದಿಲ್ಲ. ಹುಟ್ಟಿದಲ್ಲೇ ಆಜೂಬಾಜೂ ಇರತೈತಿ."

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ಅವರ ಓಣಿಗಳಲ್ಲಿ ನಳ ಬರುವುದು ಹತ್ತು ಹನ್ನೆರಡು ದಿನಕ್ಕೊಮ್ಮೆ. ಅಲ್ಲಿಯವರೆಗೆ ಪ್ರತಿ ಮನೆಯಲ್ಲೂ ಬ್ಯಾರಲ್ಲು, ಹಂಡೆ, ಕೊಡ, ಬಕೆಟ್ಟು, ಎಲ್ಲದರಲ್ಲೂ ತಿಳಿ ನೀರು.

"ನನಗ ನೋಡಾಕ ಇನ್ನೂರು ಮನಿ ಅದಾವ," ಎಂದಳು ಕರಿಯವ್ವ. "ನಿಮ್ಮ ನಿಮ್ಮ ಓಣಿ ಯಾರು ನೋ..."

ಅವಳ ಮಾತು ಮುಗಿಯುವ ಮೊದಲೇ ಸಬೀನಾ ಎರಡೂ ಕೈ ಎತ್ತಿದ್ದಳು.

*

ಆರನೇ ಮನೆ, ಇಲ್ಲ. ಏಳನೇ ಮನೆ, ಇಲ್ಲ. ಮೊನ್ನೆಯಷ್ಟೇ ನಳ ಬಂದಿತ್ತು. ಅಂಕಿತಾಳ ಸುದ್ದಿ ಕೇಳಿ ಎಲ್ಲರೂ ಬ್ಯಾರಲ್ಲು ತಿಕ್ಕಿ ತೊಳೆದು, ಮೇಲೆ ಬಟ್ಟೆ ಕಟ್ಟಿದ್ದರು.

ಎಂಟನೇ ಮನೆ ಹುಚ್ಚೀರಪ್ಪಜ್ಜನದು. ಅಜ್ಜ ನಾಲ್ಕು ಆಡು ಸಾಕಿದ್ದ. ಅವುಗಳಿಗೆ ನೀರು ಕುಡಿಸಲು ಹಿತ್ತಲಲ್ಲಿ ಒಂದು ಹಳೆಯ ಕಲ್ಲಿನ ದೋಣಿ ಇತ್ತು. ಸಬೀನಾ ಅದರ ಮೇಲೆ ಬಗ್ಗಿದಳು. ಟಾರ್ಚು ಬಿಟ್ಟಳು.

ನೀರಿನ ಮೇಲೆ ಸಣ್ಣ ಕಡ್ಡಿಗಳ ಹಾಗೆ ಏನೋ ತೇಲುತ್ತಿತ್ತು. ಬೆರಳು ತಾಗಿಸಿದಳು. ಕಡ್ಡಿಗಳೆಲ್ಲ ಪುಳಕ್ಕನೆ ಜಿಗಿದವು.

ಬಾಟಲಿ ತುಂಬಿಕೊಂಡವಳೇ ಓಣಿಯ ನಡುವೆ ಓಡಿದಳು.

"ಸಿಕ್ಕವು, ಸಿಕ್ಕವು. ಹುಚ್ಚೀರಪ್ಪಜ್ಜನ ದ್ವಾಣ್ಯಾಗ ಸೊಳ್ಳಿ ಮರಿ ಅದಾವ. ಅಂಕಿತಾಗ ಕಚ್ಚಿದ್ದು ಇವ."

ಬಾಗಿಲುಗಳು ತೆರೆದವು. ಎಲ್ಲರೂ ಬಾಟಲಿಯನ್ನು ಬಿಸಿಲಿಗೆ ಹಿಡಿದು ನೋಡಿದರು. ಎದುರು ಮನೆಯ ಮಾಳವ್ವ ಸೊಂಟದ ಮೇಲೆ ಕೈ ಇಟ್ಟುಕೊಂಡು, "ಓಣಿಗೆಲ್ಲ ಶಾಣ್ಯಾತನ ಹೇಳ್ತಾನ. ತನ್ನ ದ್ವಾಣಿ ತೊಳಿಯಾಕ ಆಗೂದಿಲ್ಲ ಈ ಮನಶ್ಯಾಗ," ಎಂದಳು.

ಹುಚ್ಚೀರಪ್ಪಜ್ಜ ಹಿತ್ತಲಿಗೆ ಹೋದ. ಒಬ್ಬನೇ ದೋಣಿಯನ್ನು ಉರುಳಿಸಿ ನೀರು ಚೆಲ್ಲಿದ. ತೆಂಗಿನ ನಾರಿನಿಂದ ಗಸಗಸ ತಿಕ್ಕಿದ. ಆಮೇಲೆ ಮನೆ ಮುಂದಿನ ಕಟ್ಟೆಯ ಮೇಲೆ ಬಂದು ತಲೆ ತಗ್ಗಿಸಿ ಕುಳಿತ.

ಸಬೀನಾ ಅದನ್ನು ಸರಿಯಾಗಿ ನೋಡಲೂ ಇಲ್ಲ. ಅವಳಿಗೆ ನೆಲದ ಮೇಲೆ ಕಾಲೇ ನಿಲ್ಲುತ್ತಿರಲಿಲ್ಲ. ಉಳಿದ ನಾಲ್ಕು ಮನೆಗಳ ಬ್ಯಾರಲ್ಲುಗಳನ್ನು ಹಾರಿ ಹಾರಿ ನೋಡಿ ಮುಗಿಸಿದಳು.

*

ಮಧ್ಯಾಹ್ನ ಕರಿಯವ್ವ ಬಂದಳು. ಅವಳು ಬಾಟಲಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಬಹಳ ಹೊತ್ತು ನೋಡಿದಳು.

"ಚಲೋ ಕಣ್ಣು ಐತಿ ನಿಂದು," ಎಂದಳು. "ಆದ್ರ ಇವು ಡೆಂಗಿ ಸೊಳ್ಳಿವಲ್ಲ."

"ಹಾಂ?"

"ಇಲ್ಲಿ ನೋಡು. ಇವು ನೀರಿನ ಮ್ಯಾಲ ಅಡ್ಡ ಮಲಗ್ಯಾವ. ಇವು ಮಲೇರಿಯಾ ಸೊಳ್ಳಿ ಜಾತಿವು. ಡೆಂಗಿ ಸೊಳ್ಳಿ ಮರಿ ಹಿಂಗ ಮಲಗೂದಿಲ್ಲ. ಬಾಲ ಮ್ಯಾಲ, ತೆಲಿ ಕೆಳಗ ಮಾಡಿ ಜೋತು ಬೀಳ್ತಾವ. ಇವನ್ನ ಚೆಲ್ಲಿದ್ದು ಚಲೋನ ಆತು. ಖರೆ, ನಾವು ಹುಡುಕೂವು ಇನ್ನೂ ಎಲ್ಲೋ ಅದಾವ. ಎಷ್ಟು ಮನಿ ನೋಡಿದಿ?"

"ಹನ್ನೆರಡು."

"ಓಣ್ಯಾಗ ಹದಿಮೂರು ಅದಾವಲ್ಲ."

"ಇನ್ನೊಂದು ನಮ್ಮನಿ ರೀ ಅಕ್ಕಾ," ಎಂದಳು ಸಬೀನಾ. "ನಮ್ಮನಿ ಸ್ವಚ್ಛ ಐತ್ರಿ. ದಾದಿಮಾ ದಿನಾ ತಿಕ್ಕತಾಳ."

ಕರಿಯವ್ವ ಅವಳ ಮುಖ ನೋಡಿದಳು. ಆಮೇಲೆ ಚೀಲದಿಂದ ಸೀಮೆಸುಣ್ಣ ತೆಗೆದು ಗೋಡೆಗಳ ಮೇಲೆ ನೀರು ನೋಡಿದ ತಾರೀಖು ಬರೆಯುತ್ತ ಮುಂದೆ ಹೋದಳು.

ಸಬೀನಾ ಮನೆಯೊಳಗೆ ಬಂದಳು. ಹೊರಗಿನ ಪಡಸಾಲೆಯಲ್ಲಿ ಅವಳ ಅಬ್ಬಾ ಮೌಲಾಸಾಬ ಗಾದಿಗೆ ಅರಳೆ ತುಂಬುತ್ತಿದ್ದ. ಅವನ ತಾಯಿ, ದಾದಿಮಾ ಮೋತಿಬಿ, ಒಳಗೆ ಮಧ್ಯಾಹ್ನದ ನಮಾಜಿಗೆ ನಿಂತಿದ್ದಳು. ಸಬೀನಾ ಬ್ಯಾರಲ್ಲು ನೋಡಿದಳು. ಹಂಡೆ ನೋಡಿದಳು. ಎಲ್ಲದರ ಮೇಲೂ ಬಿಳಿ ಮಲ್ಲಿನ ಬಟ್ಟೆ ಬಿಗಿಯಾಗಿ ಕಟ್ಟಿತ್ತು. ನೀರು ಕನ್ನಡಿಯ ಹಾಗೆ ಇತ್ತು.

"ನಾ ಹೇಳಿಲ್ಲೇನು," ಎಂದುಕೊಂಡು ಅವಳು ಕೂಲರಿಗೆ ಒರಗಿ ಕುಳಿತಳು.

ಆ ಕೂಲರನ್ನು ಅಬ್ಬಾ ಬೇಸಿಗೆಯಲ್ಲಿ ತಂದಿದ್ದ. ಮಳೆ ಶುರುವಾದ ಮೇಲೆ ದಾದಿಮಾ ಅದರ ಮೇಲೆ ಹೂವಿನ ಚಾದರ ಹೊದಿಸಿದ್ದಳು. ಸಂಜೆ ಶಾಲೆಯಿಂದ ಬಂದಮೇಲೆ ಅಂಕಿತಾ ಮತ್ತು ಸಬೀನಾ ಇಲ್ಲೇ ಒರಗಿ ಹೋಮ್‌ವರ್ಕ್ ಬರೆಯುತ್ತಿದ್ದರು.

ಮೊಣಕೈಗೆ ಚುಳ್ಳೆಂದಿತು. ಸಬೀನಾ ಫಟ್ಟನೆ ಹೊಡೆದಳು. ಅಂಗೈ ತೆರೆದು ನೋಡಿದರೆ ಒಂದು ಕಪ್ಪು ಸೊಳ್ಳೆ. ಅದರ ಕಾಲಿನ ಮೇಲೆ ಬಿಳಿ ಬಿಳಿ ಪಟ್ಟಿ.

ಅವಳು ನಿಧಾನಕ್ಕೆ ಎದ್ದಳು. ಚಾದರ ಸರಿಸಿದಳು. ಕೂಲರಿನ ಹಿಂದಿನ ಹುಲ್ಲಿನ ಪರದೆಯನ್ನು ಎಳೆದು ಟಾರ್ಚು ಬಿಟ್ಟಳು.

ತಳದಲ್ಲಿ ನಾಲ್ಕು ಬೆರಳು ನೀರು ಉಳಿದಿತ್ತು. ಅದರ ತುಂಬ ಹುಳ. ಬಾಲ ಮೇಲೆ, ತಲೆ ಕೆಳಗೆ. ಎಲ್ಲವೂ ಜೋತುಬಿದ್ದಿದ್ದವು. ಬೆಳಕು ಬಿದ್ದದ್ದೇ ತಡ, ಒಟ್ಟಿಗೇ ಬಳುಕಿ ತಳಕ್ಕಿಳಿದವು.

ಸಬೀನಾ ಟಾರ್ಚು ಆರಿಸಿದಳು.

ದಾದಿಮಾ ನಮಾಜಿನಲ್ಲಿದ್ದಳು. ಅಬ್ಬಾ ಹೊರಗಿದ್ದ. ಯಾರೂ ನೋಡಿರಲಿಲ್ಲ. ಬಚ್ಚಲು ನಾಲ್ಕೇ ಹೆಜ್ಜೆ. ತಂಬಿಗೆಯಿಂದ ನೀರು ತೋಡಿ ತೋಡಿ ಚೆಲ್ಲಿದರೆ ಹತ್ತು ನಿಮಿಷದ ಕೆಲಸ. ನೋಟ್‌ಬುಕ್ಕಿನಲ್ಲಿ 'ಮನೆ ನಂಬರ್ ಹದಿಮೂರು: ಇಲ್ಲ' ಎಂದು ಬರೆದರಾಯಿತು.

ಅವಳು ತಂಬಿಗೆ ತಂದಳು. ಒಂದು ತಂಬಿಗೆ ನೀರು ತೋಡಿದಳು ಕೂಡ.

ಆಗ ಹೊರಗೆ ಆಡು ಕೂಗಿತು. ಕಿಟಕಿಯಿಂದ ಹುಚ್ಚೀರಪ್ಪಜ್ಜನ ಕಟ್ಟೆ ಕಾಣುತ್ತಿತ್ತು. ಅಜ್ಜ ಇನ್ನೂ ಹಾಗೆಯೇ ಕುಳಿತಿದ್ದ. ದಾರಿಯಲ್ಲಿ ಹೋಗುವವರು ಯಾರೂ ಅವನನ್ನು ಮಾತಾಡಿಸುತ್ತಿರಲಿಲ್ಲ. ಗುರುವಾರ ಅಂಕಿತಾಳಿಗೆ ನಡೆಯಲು ಆಗದಿದ್ದಾಗ ಅವಳನ್ನು ಎತ್ತಿಕೊಂಡು ಆಟೋದವರೆಗೆ ಓಡಿದವನು ಆ ಅಜ್ಜನೇ.

ಸಬೀನಾ ತಂಬಿಗೆಯ ನೀರನ್ನು ಬಾಟಲಿಗೆ ಸುರಿದಳು. ಓಣಿಗೆ ಬಂದಳು. ಈ ಸಲ ಓಡಲಿಲ್ಲ.

"ಅಕ್ಕಾ, ಇವು ನೋಡ್ರಿ. ತೆಲಿ ಕೆಳಗ ಮಾಡ್ಯಾವ." ಅವಳು ಬಾಟಲಿಯನ್ನು ಕರಿಯವ್ವನ ಮುಂದೆ ಹಿಡಿದಳು. "ಇವು ನಮ್ಮನ್ಯಾಗಿನವು. ಕೂಲರ್‌ನ್ಯಾಗ ಇದ್ದವು."

ಅವಳು ಒದರಿ ಹೇಳಿರಲಿಲ್ಲ. ಆದರೂ ಎಲ್ಲರಿಗೂ ಕೇಳಿಸಿತು. ಮಾಳವ್ವ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ನಮಾಜು ಮುಗಿಸಿ ಬಾಗಿಲಿಗೆ ಬಂದ ಮೋತಿಬಿ ಅಲ್ಲೇ ನಿಂತುಬಿಟ್ಟಳು.

"ನನ್ನ ಮನ್ಯಾಗ? ಚಾದರ ಹೊಚ್ಚಿ ಇಟ್ಟಿದ್ನಲ್ಲ ಬೇಟಿ," ಎಂದಳು.

ಕರಿಯವ್ವ ಬಾಟಲಿ ನೋಡಿ ತಲೆಯಾಡಿಸಿದಳು. "ಹೌದು, ಇವ. ಅಂಕಿತಾಗ ಕಚ್ಚಿದ್ದು ಇಲ್ಲಿನ ಸೊಳ್ಳಿನೋ ಬ್ಯಾರೆ ಕಡೆಯದ್ದೋ ಯಾರಿಗೂ ಹೇಳಾಕ ಬರೂದಿಲ್ಲ. ಆದ್ರ ಇವು ಇವತ್ತ ಸಿಕ್ಕವು. ಇನ್ನ ಹಾರೂದಿಲ್ಲ."

ಸಬೀನಾ ಕಟ್ಟೆಯ ಹತ್ತಿರ ಹೋದಳು. "ಅಜ್ಜಾ," ಎಂದಳು. "ನಾ ಹಂಗ ಓಣಿ ತುಂಬ ಒದರಬಾರದಿತ್ರಿ. ನಂದು ತಪ್ಪಾತು."

ಹುಚ್ಚೀರಪ್ಪಜ್ಜ ಅವಳನ್ನೊಮ್ಮೆ ನೋಡಿದ, ಅವಳ ಮನೆಯ ಬಾಗಿಲನ್ನೊಮ್ಮೆ ನೋಡಿದ.

"ಆ ಕೂಲರ್ ಎಷ್ಟು ದೊಡ್ಡದೈತಿ?"

"ನನ್ನಷ್ಟ ಐತ್ರಿ."

"ಹಂಗಾರ ನಿನ್ನ ಕೈಲೆ ಎತ್ತಾಕ ಆಗೂದಿಲ್ಲ. ನಡಿ," ಎಂದು ಅಜ್ಜ ಮೊಣಕಾಲು ಹಿಡಿದುಕೊಂಡು ಎದ್ದ.

ಅಬ್ಬಾ ಒಂದು ಕಡೆ, ಅಜ್ಜ ಒಂದು ಕಡೆ ಹಿಡಿದು ಕೂಲರನ್ನು ಹೊರಗೆ ತಂದರು. "ಗಟಾರಕ್ಕ ಬ್ಯಾಡ್ರಿ, ಒಣ ನೆಲಕ್ಕ ಸುರೀರಿ," ಎಂದಳು ಕರಿಯವ್ವ. ಕಾದ ಮಣ್ಣು ಕ್ಷಣದಲ್ಲಿ ನೀರು ಕುಡಿಯಿತು. ಹುಳಗಳು ಎರಡು ಸಲ ಬಳುಕಿ ಸುಮ್ಮನಾದವು. ಕೂಲರಿನ ಒಳಗೋಡೆಗೆ ಅಂಟಿದ ತತ್ತಿ ಒಣಗಿದರೂ ಸಾಯುವುದಿಲ್ಲ ಎಂದು ಕರಿಯವ್ವ ಹೇಳಿದ್ದಕ್ಕೆ, ಮೋತಿಬಿ ತೋಳು ಮೇಲೇರಿಸಿ ತಾನೇ ತಿಕ್ಕಲು ಕುಳಿತಳು.

ಆಮೇಲೆ ಓಣಿಯಲ್ಲಿ ಗದ್ದಲವೇ ಎದ್ದಿತು. ಸಬೀನಾ ಬೆಳಿಗ್ಗೆ ಬ್ಯಾರಲ್ಲು, ಹಂಡೆಗಳನ್ನಷ್ಟೇ ನೋಡಿದ್ದಳು. ಈಗ ಎಲ್ಲರೂ ತಮ್ಮ ತಮ್ಮ ಮನೆಯೊಳಗೆ ನುಗ್ಗಿ ಮೂಲೆ ಮೂಲೆ ಹುಡುಕತೊಡಗಿದರು. ಯಾರೋ ಮಾಳಿಗೆ ಹತ್ತಿದರು. ಯಾರೋ ಹಳೆಯ ಟೈರು ಉರುಳಿಸಿಕೊಂಡು ಬಂದರು. "ನಮ್ಮ ಫ್ರಿಜ್ಜಿನ ಹಿಂದಿನ ತಟ್ಟ್ಯಾಗೂ ಅದಾವವ್ವ," ಎಂದು ಮಾಳವ್ವ ಒಳಗಿಂದಲೇ ಕೂಗಿದಳು. ಸುಮಿತ್ರವ್ವನ ಹಿತ್ತಲಿನ ಒಡೆದ ಮಡಕೆಯಲ್ಲೂ ಸಿಕ್ಕವು. ಸಬೀನಾ ಆ ಬಾಗಿಲಿಂದ ಈ ಬಾಗಿಲಿಗೆ ಬಾಟಲಿ ಹಿಡಿದು ಓಡಿದಳು. ಸಂಜೆಯ ಹೊತ್ತಿಗೆ ಅವಳ ನೋಟ್‌ಬುಕ್ಕಿನಲ್ಲಿ ಐದು 'ಇಲ್ಲ'ಗಳು 'ಐತಿ' ಆಗಿದ್ದವು. ಎಲ್ಲಕ್ಕಿಂತ ಮೇಲೆ ಅವಳು ತನ್ನ ಮನೆಯನ್ನು ಬರೆದಿದ್ದಳು.

*

ಬುಧವಾರ ಸುಮಿತ್ರವ್ವನ ಜೊತೆ ಸಬೀನಾ ದವಾಖಾನೆಗೆ ಹೋದಳು. ಅಂಕಿತಾ ಸೊಳ್ಳೆ ಪರದೆಯ ಒಳಗೆ ಕುಳಿತು ಗಂಜಿ ಕುಡಿಯುತ್ತಿದ್ದಳು. ಮುಖ ಸಣ್ಣದಾಗಿತ್ತು. ಜ್ವರ ಬಿಟ್ಟಿತ್ತು.

ಸಬೀನಾ ಎಲ್ಲವನ್ನೂ ಹೇಳಿದಳು. ದೋಣಿಯದು, ಕೂಲರಿನದು, ಬಚ್ಚಲಿಗೆ ಚೆಲ್ಲಬೇಕು ಅನ್ನಿಸಿದ್ದು ಕೂಡ.

ಅಂಕಿತಾ ಚಮಚ ಕೆಳಗಿಟ್ಟಳು. "ನಾವು ಒರಗಿ ಕೂಡ್ತಿದ್ವಲ್ಲ, ಆ ಕೂಲರೇನು?"

"ಹೂಂ."

"ಎಷ್ಟಿದ್ದವಲೇ?"

"ಎಣಸಾಕ ಆಗಲಿಲ್ಲ."

ಅಂಕಿತಾ ಗಂಜಿಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. "ನಾ ಬರೂತನಾ ಒಂದು ಬಾಟಲ್ಯಾಗರ ಇಡಬೇಕಿತ್ತಲ್ಲ," ಎಂದಳು. "ನಾ ಒಂದೂ ನೋಡಲಿಲ್ಲ."

*

ಮುಂದಿನ ಭಾನುವಾರ ಕರಿಯವ್ವ ಸಬೀನಾಳನ್ನು ಹಿಂದಿನ ಓಣಿಗೆ ಕರೆದುಕೊಂಡು ಹೋದಳು. ಮೊದಲನೇ ಮನೆಯ ಬಾಗಿಲಲ್ಲಿ ಒಬ್ಬ ಹೆಂಗಸು ಚೌಕಟ್ಟಿಗೆ ಎರಡೂ ಕೈ ಕೊಟ್ಟು ನಿಂತಳು.

"ನಮ್ಮನಿ ಸ್ವಚ್ಛ ಐತಿ," ಎಂದಳು. "ಅಂಥಾವೆಲ್ಲ ನಮ್ಮಲ್ಲಿ ಇಲ್ಲ. ಮುಂದ ಹೋಗ್ರಿ."

ಕರಿಯವ್ವ ಮಾತಾಡಲು ಬಾಯಿ ತೆರೆದಳು. ಅಷ್ಟರಲ್ಲಿ ಸಬೀನಾ ಒಂದು ಹೆಜ್ಜೆ ಹತ್ತಿರ ಹೋದಳು. ಆ ಹೆಂಗಸಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದಳು.

"ನಮ್ಮ ಮನ್ಯಾಗ ಸಿಕ್ಕಿದ್ದವ್ರಿ ಆಂಟಿ. ನಮ್ಮ ದಾದಿಮಾ ದಿನಾ ತಿಕ್ಕತಿದ್ಲು. ಆದ್ರೂ ಇದ್ದವು."

ಹೆಂಗಸು ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಚೌಕಟ್ಟಿನ ಮೇಲಿದ್ದ ಒಂದು ಕೈ ಕೆಳಗಿಳಿಯಿತು. ಸ್ವಲ್ಪ ಹೊತ್ತಿಗೆ ಇನ್ನೊಂದೂ ಇಳಿಯಿತು.

"ಬಾ," ಎಂದಳು.

ಸಬೀನಾ ಚಪ್ಪಲಿ ಬಿಟ್ಟು ಒಳಗೆ ಹೋದಳು.